ಸೈಲಾನ್‌ಗಳ ಮರುಹುಟ್ಟು ನಮ್ಮ ಪುನರ್ಜನ್ಮವೇ?

ಪ್ರಶ್ನೆ: ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದ ಹೊಸ ಸರಣಿಯನ್ನು ಈಚೆಗೆ ನೋಡಿ ಮುಗಿಸಿದೆ. ಶೀರ್ಷಿಕೆ ಸಂಗೀತದಲ್ಲೇ ಗಾಯತ್ರಿ ಮಂತ್ರ! ಸೈಲಾನ್‌ಗಳು ಸತ್ತರೆ ಹೊಸ ದೇಹದಲ್ಲಿ ಏಳುತ್ತಾರೆ. ‘ಇದೆಲ್ಲ ಹಿಂದೆಯೂ ನಡೆದಿದೆ, ಮುಂದೆಯೂ ನಡೆಯುತ್ತದೆ’ ಎಂದು ಮತ್ತೆ ಮತ್ತೆ ಹೇಳುತ್ತಾರೆ. ಇದು ನಮ್ಮ ಪುನರ್ಜನ್ಮದ ಕಲ್ಪನೆಯೇ ಅಲ್ಲವೇ? ಜೊತೆಗೆ ನೋಡಿದ ಗೆಳೆಯ ಮಾತ್ರ ಇದು ಪೂರ್ತಿ ಕ್ರೈಸ್ತ ಕಥೆ ಎಂದು ವಾದಿಸುತ್ತಾನೆ. ಯಾರು ಸರಿ? ಕಾರಾ ಥ್ರೇಸ್ ಕೊನೆಗೆ ಏನಾದಳು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಮುಂದೆ ಕೊನೆಯ ಕಂತಿನ ಗುಟ್ಟೂ ಬಯಲಾಗುತ್ತದೆ. ನೀವು ನೋಡಿದ್ದೀರಿ. ಓದುವವರೆಲ್ಲ ನೋಡಿರುವುದಿಲ್ಲ.

ನೋಡದವರಿಗಾಗಿ ಕಥೆಯ ಎಳೆ ಇಷ್ಟು. ಹನ್ನೆರಡು ಗ್ರಹಗಳಲ್ಲಿ ಮನುಷ್ಯರಿದ್ದಾರೆ. ಅವರೇ ಮಾಡಿದ ಯಂತ್ರಗಳು, ಅಂದರೆ ಸೈಲಾನ್‌ಗಳು, ತಿರುಗಿಬಿದ್ದು ಅಣುಬಾಂಬು ಹಾಕಿ ಎಲ್ಲವನ್ನೂ ಸುಟ್ಟುಬಿಡುತ್ತವೆ. ಉಳಿದ ಸುಮಾರು 50,000 ಜನ ಹಡಗುಗಳಲ್ಲಿ ‘ಭೂಮಿ’ ಎಂಬ ಊರನ್ನು ಹುಡುಕಿಕೊಂಡು ಹೊರಡುತ್ತಾರೆ. ಈ ಹೊತ್ತಿಗೆ ಸೈಲಾನ್‌ಗಳು ಥೇಟ್ ಮನುಷ್ಯರಂತೆ ಕಾಣುವ ದೇಹ ಪಡೆದಿದ್ದಾರೆ. ಇಂಥ ಮಾದರಿಗಳು ಹನ್ನೆರಡು; ನಂಬರ್ ಒನ್, ನಂಬರ್ ಸಿಕ್ಸ್ ಎಂದು ಅಂಕಿಯಿಂದಲೇ ಕರೆಯುತ್ತಾರೆ. ಹೆಚ್ಚಿನ ಮಾದರಿಗಳಿಗೆ ಲೆಕ್ಕವಿಲ್ಲದಷ್ಟು ಪ್ರತಿಗಳು. ಒಂದು ದೇಹ ಸತ್ತರೆ ಅದರ ನೆನಪೆಲ್ಲ ‘ರಿಸರೆಕ್ಷನ್ ಶಿಪ್’ ಎಂಬ ಹಡಗಿಗೆ ಹೋಗಿ ಅಲ್ಲಿನ ತೊಟ್ಟಿಯೊಳಗಿರುವ ಹೊಸ ದೇಹಕ್ಕೆ ಇಳಿಯುತ್ತದೆ. 2003ರ ಡಿಸೆಂಬರ್‌ನಲ್ಲಿ ಕಿರುಸರಣಿಯಾಗಿ ಬಂದದ್ದು 2009ರ ಮಾರ್ಚ್‌ವರೆಗೆ ನಡೆಯಿತು. ಕಥೆಯ ಚುಕ್ಕಾಣಿ ರೊನಾಲ್ಡ್ ಡಿ. ಮೂರ್ ಕೈಯಲ್ಲಿತ್ತು.

ಮಂತ್ರದಿಂದಲೇ ಶುರು ಮಾಡೋಣ. ರಿಚರ್ಡ್ ಗಿಬ್ಸ್ ಮಾಡಿದ ಆ ಶೀರ್ಷಿಕೆ ಸಂಗೀತದಲ್ಲಿ ಕೇಳುವುದು ಗಾಯತ್ರಿಯೇ, ಅನುಮಾನ ಬೇಡ. ಹೆಣ್ಣುದನಿ ನಿಧಾನವಾಗಿ ‘ಓಂ ಭೂರ್ಭುವಃ ಸ್ವಃ’ ಎಂದು ಎಳೆಯುತ್ತದೆ, ಹಿಂದೆಯೇ ಡೋಲುಗಳ ಬಡಿತ ನುಗ್ಗುತ್ತದೆ, ಆ ದಿನದ ಕಂತಿನ ತುಣುಕುಗಳು ಪಟಪಟನೆ ಹಾರಿಹೋಗುತ್ತವೆ. ಮೊದಲ ಸಲ ಕೇಳಿದಾಗ ಮೈ ಜುಮ್ ಎನ್ನದ ಭಾರತೀಯರು ಕಡಿಮೆ. ಆದರೆ ಮಂತ್ರ ಕೇಳುವುದೇನು? ಋಗ್ವೇದದ ಮೂರನೇ ಮಂಡಲದ ಈ ಋಕ್ಕು ಸವಿತೃವಿನ ತೇಜಸ್ಸನ್ನು ಧ್ಯಾನಿಸಿ ‘ಧಿಯೋ ಯೋ ನಃ ಪ್ರಚೋದಯಾತ್’ ಎಂದು ಬೇಡುತ್ತದೆ. ನಮ್ಮ ಬುದ್ಧಿಯನ್ನು ಪ್ರೇರೇಪಿಸು ಎಂಬುದಷ್ಟೇ ಕೋರಿಕೆ. ಸಾವಿಲ್ಲ, ಮರುಹುಟ್ಟಿಲ್ಲ, ಅಮೃತವಿಲ್ಲ. ಅಮರತ್ವದ ಕಥೆಗೆ ವೇದದಿಂದಲೇ ಹಾಡು ಬೇಕಿದ್ದರೆ ‘ಮೃತ್ಯೋರ್ಮುಕ್ಷೀಯ ಮಾಮೃತಾತ್’ ಎನ್ನುವ ತ್ರ್ಯಂಬಕ ಮಂತ್ರ ಏಳನೇ ಮಂಡಲದಲ್ಲಿ ಕೈಗೆಟುಕುವಂತೇ ಇತ್ತು. ಸರಣಿಯೊಳಗೆ ಯಾವ ಪಾತ್ರವೂ ಗಾಯತ್ರಿಯನ್ನು ಹೇಳುವುದಿಲ್ಲ, ಸವಿತೃವಿನ ಹೆಸರೂ ಬರುವುದಿಲ್ಲ. ಪ್ರಾಚೀನವೂ ಪವಿತ್ರವೂ ಆಗಿ ಕೇಳಿಸುವ, ಅಮೆರಿಕದ ಪ್ರೇಕ್ಷಕನಿಗೆ ಯಾವ ಚರ್ಚನ್ನೂ ನೆನಪಿಸದ ಒಂದು ನಾದ ಅವರಿಗೆ ಬೇಕಿತ್ತು, ಸಿಕ್ಕಿತು. ನನ್ನ ಮಟ್ಟಿಗೆ ಅದು ಒಳ್ಳೆಯ ಸಂಗೀತ. ಕಥೆಯ ಕೀಲಿಕೈ ಮಾತ್ರ ಅಲ್ಲ.

ಹಾಗಾದರೆ ಗೆಳೆಯ ಗೆದ್ದನೇ? ಅವನೂ ಸ್ವಲ್ಪ ತಡೆದುಕೊಳ್ಳಬೇಕು. ಈ ಕಥೆಯ ಎಲುಬುಗಳು ಕ್ರೈಸ್ತ ಧರ್ಮದ ಮುಖ್ಯಧಾರೆಯವಲ್ಲ, ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದವು. 1978ರ ಮೂಲ ಸರಣಿಯನ್ನು ಕಟ್ಟಿದ ಗ್ಲೆನ್ ಎ. ಲಾರ್ಸನ್ ಆ ಪಂಥದವರು. ಮನುಕುಲದ ತವರು ಗ್ರಹಕ್ಕೆ ಅವರಿಟ್ಟ ಹೆಸರು ಕೊಬೋಲ್. ಮಾರ್ಮನ್ನರ ಅಬ್ರಹಾಮನ ಗ್ರಂಥದಲ್ಲಿ ದೇವರ ಸಿಂಹಾಸನಕ್ಕೆ ಅತಿ ಸಮೀಪದ ನಕ್ಷತ್ರ ಕೋಲೊಬ್. ಸರಣಿಯ ಹನ್ನೆರಡು ಜನರ ಕೋರಂ, ಅಂದರೆ ಆಡಳಿತ ಸಭೆ, ಆ ಚರ್ಚಿನ ಹನ್ನೆರಡು ಅಪೊಸ್ತಲರ ಕೋರಂ. ಮದುವೆಯ ಬಂಧ ಈ ಜನ್ಮಕ್ಕಷ್ಟೇ ಅಲ್ಲ, ಅನಂತಕಾಲಕ್ಕೆ ಎನ್ನುವುದೂ ಅಲ್ಲಿನದೇ. 1979ರಲ್ಲಿ ಬಂದ ‘ವಾರ್ ಆಫ್ ದ ಗಾಡ್ಸ್’ ಕಂತುಗಳಲ್ಲಿ ಕಥಾನಾಯಕ ಅಪೋಲೊ ಸಾಯುತ್ತಾನೆ. ಬೆಳಕಿನ ಹಡಗಿನ ಜೀವಿಗಳು ಅವನನ್ನು ಮತ್ತೆ ಬದುಕಿಸುತ್ತಾರೆ. ‘ನೀವೀಗ ಹೇಗಿದ್ದೀರೋ ನಾವು ಹಾಗೇ ಇದ್ದೆವು, ನಾವೀಗ ಹೇಗಿದ್ದೇವೋ ನೀವು ಹಾಗೆ ಆಗಬಲ್ಲಿರಿ’ ಎಂಬ ಅರ್ಥದ ಮಾತನ್ನೂ ಆಡುತ್ತಾರೆ. ಮನುಷ್ಯ ಬೆಳೆಯುತ್ತ ಬೆಳೆಯುತ್ತ ದೈವತ್ವಕ್ಕೇರಬಹುದು ಎಂಬ ಮಾರ್ಮನ್ ನಂಬಿಕೆ ಇದು. ಮುಖ್ಯಧಾರೆಯ ಪಾದ್ರಿಗಳು ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ.

ಹೊಸ ಸರಣಿ ಈ ಎಲುಬುಗಳನ್ನು ಉಳಿಸಿಕೊಂಡು ಮೈಯನ್ನು ಬದಲಿಸಿತು. ಮೂರ್ ಮಾಡಿದ ಜಾಣತನದ ಕೆಲಸವೆಂದರೆ ಧರ್ಮಗಳನ್ನು ಅದಲುಬದಲು ಮಾಡಿದ್ದು. ಮನುಷ್ಯರು ಜ್ಯೂಸ್, ಅಥೆನಾ, ಅಪೋಲೊ ಎಂದು ಹಲವು ದೇವತೆಗಳನ್ನು ಪೂಜಿಸುತ್ತಾರೆ; ಯುದ್ಧವಿಮಾನದ ಪೈಲಟ್ ಕಾರಾ ಥ್ರೇಸ್ ಪುಟ್ಟ ವಿಗ್ರಹಗಳನ್ನು ಜತನದಿಂದ ಇಟ್ಟುಕೊಂಡಿರುತ್ತಾಳೆ. ಒಬ್ಬನೇ ದೇವರು, ಅವನು ಪ್ರೇಮಸ್ವರೂಪಿ ಎಂದು ಸಾರುವವರು ಊರಿಗೇ ಬೆಂಕಿಯಿಟ್ಟ ಯಂತ್ರಗಳು! 2001ರ ಸೆಪ್ಟೆಂಬರ್ ನಂತರದ ಅಮೆರಿಕದಲ್ಲಿ ಕೂತು ನೋಡುವವನಿಗೆ ಇದು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಿತ್ತು.

ಕ್ರೈಸ್ತ ಚಿತ್ರಗಳಂತೂ ಬೇಕಾದಷ್ಟಿವೆ. ವಾಗ್ದಾನದ ನಾಡನ್ನು ಕಣ್ಣಿನಿಂದ ಕಂಡು ಅಲ್ಲಿ ಬಾಳದೆ ಸಾಯುವ ಅಧ್ಯಕ್ಷೆ ರೋಸ್ಲಿನ್ ಮೋಶೆಯ ನೆರಳು. ಉದ್ದಗೂದಲು, ಗಡ್ಡ ಬಿಟ್ಟು ಹಿಂಬಾಲಕಿಯರ ನಡುವೆ ಕೂರುವ ವಿಜ್ಞಾನಿ ಬಾಲ್ಟಾರ್ ಯಾರ ಅಣಕ ಎಂದು ಹೇಳಬೇಕಿಲ್ಲ. ನಾಲ್ಕನೇ ಸೀಸನ್‌ಗೆ ಮುಂಚೆ, 2008ರಲ್ಲಿ, ವಾಹಿನಿ ಬಿಟ್ಟ ಪ್ರಚಾರದ ಫೋಟೊದಲ್ಲಿ ಪಾತ್ರಗಳೆಲ್ಲ ಲಿಯೊನಾರ್ಡೊನ ಕೊನೆಯ ಭೋಜನದ ಸಾಲಿನಂತೆ ಮೇಜಿನ ಹಿಂದೆ ಕೂತಿದ್ದರು. ನಡುವೆ ಯೇಸುವಿನ ಜಾಗದಲ್ಲಿ ಸೈಲಾನ್ ನಂಬರ್ ಸಿಕ್ಸ್. ಅಭಿಮಾನಿಗಳು ಭೂತಗನ್ನಡಿ ಹಿಡಿದು ಅದರಲ್ಲಿ ಸುಳಿವು ಹುಡುಕಿದರು. ಅದು ಪೋಸ್ಟರ್, ಅಷ್ಟೆ. ಗಾಯತ್ರಿ ಎಷ್ಟರಮಟ್ಟಿಗೆ ಅಲಂಕಾರವೋ ಇದೂ ಅಷ್ಟರಮಟ್ಟಿಗೇ.

ಟಿವಿಯ ವೈಜ್ಞಾನಿಕ ಕಥೆಯೊಂದು ಯಾವ ಧರ್ಮದ ಮಾತಾಡುತ್ತಿದೆ ಎಂದು ತಿಳಿಯಬೇಕಾದರೆ ಶಿಲುಬೆ, ಮಂತ್ರ, ದೇವದೂತರನ್ನು ಎಣಿಸುತ್ತ ಕೂರುವುದು ವ್ಯರ್ಥ. ಅಲ್ಲಿ ಸತ್ತವರು ಹೇಗೆ ವಾಪಸು ಬರುತ್ತಾರೆ, ಬರುವಾಗ ಏನನ್ನು ತರುತ್ತಾರೆ, ಅದನ್ನು ಯಾರು ನಡೆಸುತ್ತಾರೆ ಎಂದು ನೋಡಬೇಕು.

ಸೈಲಾನ್‌ಗಳನ್ನು ಹಾಗೆ ನೋಡಿ. ‘ವಾಸಾಂಸಿ ಜೀರ್ಣಾನಿ’ ಎಂಬ ಗೀತೆಯ ಶ್ಲೋಕ ನಿಮ್ಮ ತಲೆಯಲ್ಲಿ ಓಡಿರುತ್ತದೆ: ಹಳೆ ಬಟ್ಟೆ ಕಳಚಿ ಹೊಸದು ಉಟ್ಟಂತೆ ದೇಹಿ ಹೊಸ ದೇಹ ಹೊಗುತ್ತಾನೆ. ಮೇಲ್ನೋಟಕ್ಕೆ ಅದೇ. ಆದರೆ ಅದೇ ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ, ನನಗೂ ನಿನಗೂ ಬಹಳ ಜನ್ಮಗಳು ಕಳೆದಿವೆ, ಅವೆಲ್ಲ ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಎಂದು. ನಮ್ಮ ಪುನರ್ಜನ್ಮದ ವ್ಯವಸ್ಥೆ ನಿಂತಿರುವುದೇ ಈ ಮರೆವಿನ ಮೇಲೆ. ನೆನಪು ಅಳಿಸಿಹೋಗುತ್ತದೆ, ಕರ್ಮ ಮಾತ್ರ ಬೆನ್ನು ಬಿಡುವುದಿಲ್ಲ. ಯಾರ ಹೊಟ್ಟೆಯಲ್ಲಿ, ಯಾವ ಯೋನಿಯಲ್ಲಿ ಎಂಬುದನ್ನು ಆ ಕರ್ಮವೇ ತೀರ್ಮಾನಿಸುತ್ತದೆ. ಸೈಲಾನ್‌ಗಳಲ್ಲಿ ಇದು ಪೂರ್ತಿ ತಲೆಕೆಳಗು. ನೆನಪು ಒಂದಿಷ್ಟೂ ಸೋರದೆ ದಾಟುತ್ತದೆ, ಕರ್ಮ ದಾಟುವುದೇ ಇಲ್ಲ. ಕೋಟ್ಯಂತರ ಜನರನ್ನು ಕೊಲ್ಲಲು ನೆರವಾದ ಸಿಕ್ಸ್ ಅದೇ ಮುಖ, ಅದೇ ಮೈಕಟ್ಟು, ಅದೇ ಸ್ಥಾನಮಾನದೊಂದಿಗೆ ತೊಟ್ಟಿಯಲ್ಲಿ ಏಳುತ್ತಾಳೆ. ಸಾಲದ್ದಕ್ಕೆ ಅವಳಿಗೆ ವೀರಪಟ್ಟ ಬೇರೆ. ‘ಪುನರಪಿ ಜನನೀ ಜಠರೇ ಶಯನಂ’ ಎನ್ನಲು ಅಲ್ಲಿ ಜನನಿಯೂ ಇಲ್ಲ, ಜಠರವೂ ಇಲ್ಲ. ಹಾಗಾಗಿಯೇ ಶರನ್ ಎಂಬ ಸೈಲಾನ್ ಮನುಷ್ಯನ ಮಗುವನ್ನು ಹೊತ್ತು ಹೆರಾಳನ್ನು ಹೆತ್ತಾಗ ಎರಡೂ ಪಾಳೆಯಗಳು ಅಲುಗಾಡುತ್ತವೆ.

2006ರಲ್ಲಿ ಬಂದ ‘ಡೌನ್‌ಲೋಡೆಡ್’ ಎಂಬ ಕಂತನ್ನು ಇನ್ನೊಮ್ಮೆ ನೋಡಿ. ಬಿಳಿಯ ದ್ರವ ತುಂಬಿದ ತೊಟ್ಟಿಯಲ್ಲಿ, ಮನುಷ್ಯರ ಪಡೆಯಲ್ಲಿ ಪೈಲಟ್ ಆಗಿದ್ದ ಸೈಲಾನ್ ಬೂಮರ್ ಕಣ್ಣು ಬಿಡುತ್ತಾಳೆ. ಏದುಸಿರು, ನಡುಕ, ಕಿರುಚಾಟ. ಸುತ್ತ ನಿಂತು ಸಮಾಧಾನಪಡಿಸುವವರಲ್ಲಿ ಅವಳದೇ ಮುಖ. ಚಿತ್ರಿಕೆ ದೀಕ್ಷಾಸ್ನಾನದ್ದು. ಆದರೆ ದೀಕ್ಷಾಸ್ನಾನದಲ್ಲಿ ಹಳೆಯ ಪಾಪ ತೊಳೆದುಹೋಗಬೇಕು, ಇಲ್ಲಿ ಏನೂ ತೊಳೆಯುವುದಿಲ್ಲ. ತಾನು ಮನುಷ್ಯಳೆಂದೇ ನಂಬಿ ಬಾಳಿದ್ದ ಆ ಹುಡುಗಿಗೆ ಗುಂಡು ತಗುಲಿದ ಕ್ಷಣವೂ ನೆನಪಿದೆ, ತನ್ನನ್ನು ದ್ವೇಷಿಸಿದ ಗೆಳೆಯರೂ ನೆನಪಿದ್ದಾರೆ. ಅದೇ ಸೀಸನ್ನಿನ ‘ಸ್ಕಾರ್’ ಕಂತಿನಲ್ಲಿ ಯಂತ್ರವಿಮಾನವೊಂದು ಪ್ರತಿ ಸಲ ಸತ್ತಾಗಲೂ ಪಾಠ ಕಲಿತು, ಇನ್ನಷ್ಟು ಕಹಿಯಾಗಿ, ಇನ್ನಷ್ಟು ನುರಿತು ಬರುತ್ತದೆ. ನಮ್ಮ ಪುರಾಣದಲ್ಲಿ ಇದಕ್ಕೆ ಹತ್ತಿರದವನು ರಕ್ತಬೀಜ. ಕೊಂದಷ್ಟೂ ಹೆಚ್ಚುವವನು. ಪುನರ್ಜನ್ಮದ ಸಾಲಿನಲ್ಲಿ ಅವನನ್ನು ಯಾರೂ ಸೇರಿಸುವುದಿಲ್ಲ.

ಈಗ ಸರಣಿಯ ತಿರುಳಿಗೆ ಬರೋಣ. ಸಾವಿಲ್ಲದ ಈ ಬದುಕನ್ನು ಸೈಲಾನ್‌ಗಳಲ್ಲಿ ಬೇಡವೆನ್ನುವವರು ಯಾರು, ಬೇಕೆನ್ನುವವರು ಯಾರು ಎಂದು ಗಮನಿಸಿದ್ದೀರಾ?

ಜೀನಾ ಎಂಬ ಸಿಕ್ಸ್, ಮನುಷ್ಯರ ಪೆಗಾಸಸ್ ಹಡಗಿನಲ್ಲಿ ಚಿತ್ರಹಿಂಸೆ ಅನುಭವಿಸಿದವಳು, ಸಾಯಬೇಕು ಎನ್ನುತ್ತಾಳೆ. ಆತ್ಮಹತ್ಯೆ ಪಾಪವೆಂಬ ನಂಬಿಕೆಯೂ ಅವಳಿಗಿದೆ. ಬರೀ ಸತ್ತರೆ ಸಾಲದು, ಮತ್ತೆ ತೊಟ್ಟಿಯಲ್ಲಿ ಏಳಬಾರದು. ಹಾಗಾಗಿ ರಿಸರೆಕ್ಷನ್ ಶಿಪ್ ಒಂದು ಹತ್ತಿರದಲ್ಲೇ ಇದೆಯೆಂಬ ಗುಟ್ಟನ್ನು ಬಾಲ್ಟಾರ್‌ಗೆ ತಾನೇ ಬಿಟ್ಟುಕೊಡುತ್ತಾಳೆ. ನಂಬರ್ ತ್ರೀ ಆದ ಡಿಯಾನಾ ದೈವದರ್ಶನದ ಹುಚ್ಚಿನಲ್ಲಿ ಮತ್ತೆ ಮತ್ತೆ ಸಾಯುತ್ತಾಳೆ. ಸಾವಿಗೂ ಡೌನ್‌ಲೋಡಿಗೂ ನಡುವಿನ ಆ ಸಣ್ಣ ಸಂದಿಯಲ್ಲಿ ಏನೋ ಕಾಣುತ್ತದೆ ಎಂಬುದು ಅವಳ ಆಸೆ. ಸಿಕ್ಸ್ ಮಾದರಿಯ ನಟಾಲಿ 2008ರ ಒಂದು ಕಂತಿನಲ್ಲಿ ಮನುಷ್ಯರ ಸಭೆಯ ಮುಂದೆ ನಿಂತು, ನಮ್ಮ ಬದುಕಿಗೆ ಬೆಲೆ ಬರಬೇಕಾದರೆ ಅದು ಮುಗಿಯಬೇಕು, ಸತ್ತು ವಾಪಸು ಬರಬಾರದು ಎಂದು ಹೇಳುತ್ತಾಳೆ. ಆ ಬಳಿಕ ಮರುಹುಟ್ಟಿನ ಇಡೀ ಜಾಲದ ಕೇಂದ್ರವನ್ನು ಮನುಷ್ಯರೊಡನೆ ಸೇರಿ ಸ್ಫೋಟಿಸಿದ್ದು ಇದೇ ಬಂಡಾಯಗಾರ ಸೈಲಾನ್‌ಗಳು. ಅವರು ಟೂ, ಸಿಕ್ಸ್, ಏಟ್ ಮಾದರಿಗಳು. ದೇವರ ಹೆಸರು ಎತ್ತುವವರೂ ಅವರೇ.

ಎದುರಿಗೆ ನಂಬರ್ ಒನ್, ಕ್ಯಾವಿಲ್. ಡೀನ್ ಸ್ಟಾಕ್‌ವೆಲ್ ಆಡಿದ ಈ ಮುದುಕ ಮನುಷ್ಯರ ನಡುವೆ ಅಡಗಿರುವಾಗ ಹಾಕುವ ವೇಷ ಪಾದ್ರಿಯದು, ಒಳಗೆ ಅಪ್ಪಟ ನಾಸ್ತಿಕ. ದೇವರಿಲ್ಲ, ಆತ್ಮವಿಲ್ಲ, ನಾವು ಯಂತ್ರ, ಯಂತ್ರವಾಗಿಯೇ ಇರೋಣ ಎನ್ನುವವನು. ‘ನೋ ಎಕ್ಸಿಟ್’ ಕಂತಿನಲ್ಲಿ ತನ್ನನ್ನು ಮಾಡಿದ ಎಲೆನ್ ಮೇಲೆ ರೇಗುತ್ತಾನೆ: ನಕ್ಷತ್ರ ಸಿಡಿಯುವುದನ್ನು ಈ ಜೋಲು ಕಣ್ಣುಗಳಿಂದ ನೋಡಬೇಕೇ, ನನಗೆ ಗಾಮಾ ಕಿರಣ ಕಾಣಬೇಕಿತ್ತು, ಎಕ್ಸ್-ರೇ ಕೇಳಬೇಕಿತ್ತು! ಸರಣಿಯ ಅತ್ಯುತ್ತಮ ಸಂಭಾಷಣೆ ಇದೆಂದು ನನ್ನ ಅಭಿಪ್ರಾಯ. ಖಳನ ಬಾಯಿಗೆ ಇಷ್ಟು ನ್ಯಾಯವಾದ ಸಿಟ್ಟು ಸಿಗುವುದು ಅಪರೂಪ. ಮರುಹುಟ್ಟಿನ ತೊಟ್ಟಿ ಉಳಿಯಬೇಕೆಂದು ಯುದ್ಧಕ್ಕಿಳಿಯುವವನು ಇವನು. ಮಾತು ಕೇಳದ ಮಾದರಿಗಳನ್ನು ‘ಬಾಕ್ಸ್’ ಮಾಡುವುದೂ ಅವನೇ. ಅಂದರೆ ನೆನಪನ್ನೆಲ್ಲ ಕಪಾಟಿಗೆ ಹಾಕಿ ಬೀಗ ಜಡಿಯುವುದು, ಸಾವೂ ಅಲ್ಲ ಬದುಕೂ ಅಲ್ಲ. ದೈವದರ್ಶನದ ಬೆನ್ನು ಹತ್ತಿದ ಡಿಯಾನಾಗೆ ಸಿಕ್ಕ ಶಿಕ್ಷೆ ಇದು. ಅಮರತ್ವ ಒಂದು ಸೌಲಭ್ಯವಾದ ಕೂಡಲೇ ಅದಕ್ಕೊಬ್ಬ ಮೇಟಿ ಹುಟ್ಟಿಕೊಳ್ಳುತ್ತಾನೆ.

ಹೀಗೆ ನಂಬುವವರು ಸಾವನ್ನು ಕೇಳುತ್ತಾರೆ, ನಂಬದವನು ಅಮರತ್ವಕ್ಕೆ ಅಂಟಿಕೊಳ್ಳುತ್ತಾನೆ. ಈ ಸರಣಿಯೊಂದರಲ್ಲೇ ಹೀಗೆ ಎಂದುಕೊಳ್ಳಬೇಡಿ. ‘ಆಲ್ಟರ್ಡ್ ಕಾರ್ಬನ್’ (2018) ನೋಡಿ. ಅಲ್ಲಿ ನೆನಪು ಕುತ್ತಿಗೆಯ ಹಿಂಭಾಗದ ಬಿಲ್ಲೆಯಲ್ಲಿರುತ್ತದೆ, ದುಡ್ಡಿದ್ದವರು ದೇಹ ಬದಲಿಸುತ್ತ ಮುನ್ನೂರು ವರ್ಷ ದಾಟುತ್ತಾರೆ. ಅಂಥವರಿಗೆ ಬೈಬಲಿನ 969 ವರ್ಷದ ಮೆತೂಷೆಲಹನ ಹೆಸರನ್ನು ಮೊಟಕು ಮಾಡಿ ‘ಮೆಥ್’ ಎನ್ನುತ್ತಾರೆ. ಮತ್ತೆ ಎಬ್ಬಿಸಬೇಡಿ ಎಂದು ಬರೆಸಿಕೊಂಡವರು ನವ-ಕ್ಯಾಥೊಲಿಕರು. ಅದರ ಫಲವೇನು? ಸತ್ತ ಮೇಲೆ ಎದ್ದು ಸಾಕ್ಷಿ ಹೇಳಲಾರರು ಎಂಬ ಧೈರ್ಯದಲ್ಲಿ ಕೊಲೆಗಾರರು ಅವರನ್ನೇ ಆರಿಸಿಕೊಳ್ಳುತ್ತಾರೆ. ನಂಬಿಕೆಯ ಬೆಲೆಯನ್ನು ಇಷ್ಟು ಲೆಕ್ಕಾಚಾರವಾಗಿ ತೋರಿಸಿದ ಕಥೆ ಬೇರೆ ಕಡಿಮೆ. ಅದೇ ಸರಣಿಯಲ್ಲಿ ಪೊಲೀಸ್ ಅಧಿಕಾರಿ ಒರ್ಟೇಗ ಸತ್ತವರ ಹಬ್ಬದ ದಿನ ತೀರಿಹೋದ ಅಜ್ಜಿಯನ್ನು ಹಚ್ಚೆ ತುಂಬಿದ ರೌಡಿಯೊಬ್ಬನ ದೇಹಕ್ಕೆ ಇಳಿಸಿ ಊಟಕ್ಕೆ ಕರೆತರುತ್ತಾಳೆ. ಪಿತೃಪಕ್ಷದ ಎಡೆಗೆ ಅಜ್ಜಿ ಖುದ್ದು ಬಂದು ಕೂತಂತೆ! ನಗು ಬರುತ್ತದೆ, ಜೊತೆಗೆ ಆ ಮನೆಯ ತಾಯಿಯ ಮುಖ ನೋಡಿದರೆ ನಗು ನಿಲ್ಲುತ್ತದೆ. ‘ಬ್ಲ್ಯಾಕ್ ಮಿರರ್’ನ ‘ಸ್ಯಾನ್ ಜುನಿಪೆರೊ’ದಲ್ಲೂ (2016) ಅಷ್ಟೇ, ಕಂಪ್ಯೂಟರಿನೊಳಗಿನ ಸ್ವರ್ಗವನ್ನು ಬೇಡವೆಂದು ಸತ್ತ ಗಂಡನೊಬ್ಬ ಕಥೆಯ ಹಿನ್ನೆಲೆಯಲ್ಲಿದ್ದಾನೆ. ಮಗಳಿಗೆ ಸಿಗದ ಜಾಗ ತನಗೂ ಬೇಡ ಎಂಬುದು ಅವನ ನಿಲುವು.

ಸಾವಿಲ್ಲದವನು ಭಕ್ತರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ‘ಟಾರ್ಚ್‌ವುಡ್’ ನೋಡಬೇಕು. ‘ಡಾಕ್ಟರ್ ಹೂ’ ಕವಲಿನ ಈ ಸರಣಿಯ ಕ್ಯಾಪ್ಟನ್ ಜ್ಯಾಕ್‌ಗೆ ಸಾವು ಬರುತ್ತದೆ, ನಿಲ್ಲುವುದಿಲ್ಲ. 2011ರ ‘ಇಮ್ಮಾರ್ಟಲ್ ಸಿನ್ಸ್’ ಕಂತು ನಮ್ಮನ್ನು 1920ರ ದಶಕದ ನ್ಯೂಯಾರ್ಕಿಗೆ ಒಯ್ಯುತ್ತದೆ. ಕ್ಯಾಥೊಲಿಕ್ ನಂಬಿಕೆಯಲ್ಲಿ ಬೆಳೆದ ಇಟಲಿಯ ಹುಡುಗ ಏಂಜೆಲೊ, ಸತ್ತ ಪ್ರಿಯಕರ ಎದ್ದು ಬಂದದ್ದು ಕಂಡು ಸೈತಾನನೆಂದು ಹೆದರಿ ಇರಿಯುತ್ತಾನೆ. ಜ್ಯಾಕ್ ಮತ್ತೆ ಏಳುತ್ತಾನೆ. ಸುದ್ದಿ ಹಬ್ಬಿ ಕೇರಿಯವರು ಕೂಡುತ್ತಾರೆ, ಕಸಾಯಿ ಅಂಗಡಿಯ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ ಒಬ್ಬರಾದ ಮೇಲೊಬ್ಬರು ಕೊಲ್ಲುತ್ತಾರೆ. ಕೆಲವರಿಗೆ ಅವನು ಪಿಶಾಚಿ, ಕೆಲವರಿಗೆ ಪವಾಡ. ನೆಲಕ್ಕೆ ಬಿದ್ದ ರಕ್ತವನ್ನು ತುಂಬಿಟ್ಟುಕೊಳ್ಳುತ್ತಾರೆ. ಪವಿತ್ರ ರಕ್ತ, ಹಲವರಿಗಾಗಿ ಸುರಿದದ್ದು ಎಂಬ ಚರ್ಚಿನ ಭಾಷೆಯೆಲ್ಲ ಅಲ್ಲಿದೆ, ಮಾಂಸದಂಗಡಿಯ ವಾಸನೆಯೊಂದಿಗೆ. ಸರಣಿಯಾಗಿ ಆ ಸೀಸನ್ ಎಳೆದಾಡಿದ್ದು ನಿಜ, ಆ ಕಂತೊಂದು ಬೇರೆಯೇ ತೂಕದ್ದು. ಚಿರಂಜೀವಿತ್ವ ವರವಲ್ಲ, ಶಾಪ ಎಂಬುದು ಅಶ್ವತ್ಥಾಮನ ಕಥೆ ಕೇಳಿ ಬೆಳೆದವರಿಗೆ ಹೊಸದೇನಲ್ಲ ಬಿಡಿ.

ಇನ್ನು ಕಾರಾ ಥ್ರೇಸ್. ನಿಮ್ಮ ಗೆಳೆಯನ ವಾದಕ್ಕೆ ನಿಜವಾದ ಬಲ ಸಿಗುವುದು ಇಲ್ಲಿ, ಅವನು ಕೊನೆಯ ಭೋಜನದ ಫೋಟೊ ಬಿಟ್ಟು ಇದನ್ನೇ ಹಿಡಿದುಕೊಳ್ಳಬೇಕಿತ್ತು. ಅವಳು ಸೈಲಾನ್ ಅಲ್ಲ. ಅವಳಿಗಾಗಿ ಯಾವ ತೊಟ್ಟಿಯೂ ಕಾದಿಲ್ಲ. 2007ರಲ್ಲಿ ಅವಳ ವಿಮಾನ ಮೋಡದ ಸುಳಿಯಲ್ಲಿ ಸಿಡಿದುಹೋಗುತ್ತದೆ, ಕೆಲವು ಕಂತುಗಳ ನಂತರ ಹೊಚ್ಚಹೊಸ ವಿಮಾನದಲ್ಲಿ ನಗುತ್ತ ಬರುತ್ತಾಳೆ. ಮುಟ್ಟಿದರೆ ಮೈ ಇದೆ, ತಿನ್ನುತ್ತಾಳೆ, ಕುಡಿಯುತ್ತಾಳೆ, ಹತ್ತಿರದವರೇ ನಂಬಲು ಹಿಂಜರಿಯುತ್ತಾರೆ. ತನ್ನ ಕೆಲಸ ಮುಗಿದ ಮೇಲೆ, ಬಯಲಿನಲ್ಲಿ ಜೊತೆಗಾರ ಲೀ ಜೊತೆ ಮಾತಾಡುತ್ತಿದ್ದವಳು ಅವನು ಮುಖ ತಿರುಗಿಸಿದಷ್ಟರಲ್ಲಿ ಇಲ್ಲ. ಲೂಕನ ಸುವಾರ್ತೆಯಲ್ಲಿ ಎಮ್ಮಾಹುವಿನ ದಾರಿಯ ಶಿಷ್ಯರ ಕಣ್ಣಿಗೆ ಯೇಸು ಮರೆಯಾಗುವುದು ಹೀಗೆಯೇ.

ಆದರೆ ಒಂದು ತೊಡಕಿದೆ, ಅದನ್ನು ಬರಹಗಾರರು ಬೇಕೆಂದೇ ಇಟ್ಟಿದ್ದಾರೆ. ಸುವಾರ್ತೆಯ ಸಾಕ್ಷಿ ಬರಿದಾದ ಸಮಾಧಿ. 2009ರ ‘ಸಮ್‌ಟೈಮ್ಸ್ ಎ ಗ್ರೇಟ್ ನೋಷನ್’ ಕಂತಿನಲ್ಲಿ ಕಾರಾಗೆ ಸಿಗುವುದು ಸುಟ್ಟ ವಿಮಾನ ಮತ್ತು ಅದರೊಳಗೆ ತನ್ನದೇ ಹೆಣ. ಕತ್ತಿನಲ್ಲಿ ತನ್ನದೇ ಹೆಸರಿನ ಬಿಲ್ಲೆ. ಅವಳು ಒಬ್ಬಳೇ ಸೌದೆ ಒಟ್ಟಿ, ತನ್ನ ಹೆಣವನ್ನು ಏರಿಸಿ, ತಾನೇ ಬೆಂಕಿ ಇಡುತ್ತಾಳೆ. ನಮ್ಮಲ್ಲಿ ಸನ್ಯಾಸ ತೆಗೆದುಕೊಳ್ಳುವವರು ಆತ್ಮಶ್ರಾದ್ಧ ಮಾಡಿಕೊಳ್ಳುತ್ತಾರಲ್ಲ, ಆ ದೃಶ್ಯ ನೋಡುವಾಗ ನನಗೆ ನೆನಪಾಗುವುದು ಅದು. ಬರಹಗಾರರಿಗೆ ಅದರ ಅರಿವಿತ್ತು ಎಂದು ನಾನು ವಾದಿಸುವುದಿಲ್ಲ. ದೇಹ ಸತ್ತದ್ದೂ ನಿಜ, ಅವಳು ಬಂದದ್ದೂ ನಿಜ, ಎರಡನ್ನೂ ಜೋಡಿಸುವ ಯಂತ್ರವನ್ನು ಸರಣಿ ಕೊಡುವುದಿಲ್ಲ. ತೊಟ್ಟಿ, ದ್ರವ, ಹಡಗು, ಕೇಂದ್ರ ಎಂದು ಸೈಲಾನ್‌ಗಳ ಮರುಹುಟ್ಟಿನ ಒಂದೊಂದು ಕೊಳವೆಯನ್ನೂ ತೋರಿಸಿದವರು ಇವಳ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ‘ಮೋಸ ಮಾಡಿದರು’ ಎಂದು ಅಭಿಮಾನಿಗಳು ಆಗಲೇ ಕೂಗಾಡಿದರು. ನಾನು ಬರಹಗಾರರ ಪಕ್ಷ. ಕಾರಾಗೂ ಒಂದು ತೊಟ್ಟಿ ತೋರಿಸಿದ್ದರೆ ಅವಳು ಹದಿಮೂರನೇ ಸೈಲಾನ್ ಆಗುತ್ತಿದ್ದಳು ಅಷ್ಟೆ. ನನ್ನ ತಕರಾರೇನಿದ್ದರೂ ಅದರಾಚೆಗಿನ ಕೊನೆಯ ದೃಶ್ಯದ ಬಗ್ಗೆ. 1,50,000 ವರ್ಷ ದಾಟಿ ಇಂದಿನ ನ್ಯೂಯಾರ್ಕಿನ ಬೀದಿಯಲ್ಲಿ ದೇವದೂತರಂಥ ಇಬ್ಬರು ನಡೆಯುತ್ತ ‘ದೇವರ ಯೋಜನೆ’ಯ ಬಗ್ಗೆ ಹರಟುತ್ತಾರೆ. ‘ಅದಕ್ಕೆ ಆ ಹೆಸರು ಇಷ್ಟವಿಲ್ಲ ಅಂತ ಗೊತ್ತಲ್ಲ’ ಎಂದು ಒಬ್ಬ ಛೇಡಿಸುತ್ತಾನೆ. ಕಾರಾ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡವರು ಇಲ್ಲಿ ಯಾಕೆ ವಾಚಾಳಿಗಳಾದರೋ!

ಚಕ್ರದ ಮಾತು ಉಳಿಯಿತು. ‘ಹಿಂದೆಯೂ ನಡೆದಿದೆ, ಮುಂದೆಯೂ ನಡೆಯುತ್ತದೆ’ ಎಂಬುದು ಯುಗಚಕ್ರದಂತೆ ಕೇಳಿಸುತ್ತದೆ, ಒಪ್ಪುತ್ತೇನೆ. ನಿಮ್ಮ ವಾದದಲ್ಲಿ ಗಟ್ಟಿಯಾದ ತುಂಡು ಇದೇ. ಆದರೆ ನಮ್ಮ ಯುಗಗಳು ಯಾರು ಬೇಡವೆಂದರೂ ತಿರುಗುತ್ತವೆ. ಇವರ ಚಕ್ರವನ್ನು ಜನ ನಿಲ್ಲಿಸಬಹುದು, ನಿಲ್ಲಿಸಲೇಬೇಕು ಎಂಬ ಹಟದಲ್ಲೇ ಕೊನೆಯಲ್ಲಿ ಇಡೀ ಹಡಗುಪಡೆಯನ್ನು ಸೂರ್ಯನೊಳಗೆ ಕಳಿಸಿಬಿಡುತ್ತಾರೆ.

ಗೆಳೆಯನ ಜೊತೆ ಇನ್ನೊಮ್ಮೆ ಕೂರುವುದಿದ್ದರೆ ಎಲ್ಲವನ್ನೂ ನೋಡಬೇಕಿಲ್ಲ. 1979ರ ‘ವಾರ್ ಆಫ್ ದ ಗಾಡ್ಸ್’ ಎರಡು ಭಾಗ, ಆಮೇಲೆ ‘ಡೌನ್‌ಲೋಡೆಡ್’, ‘ನೋ ಎಕ್ಸಿಟ್’ ಸಾಕು. ಮೊದಲನೆಯದರಲ್ಲಿ ಕೌಂಟ್ ಇಬ್ಲಿಸ್ ಎಂಬೊಬ್ಬ ಬರುತ್ತಾನೆ. ಹೆಸರು ಕುರ್‌ಆನಿನ ಸೈತಾನನದು, ಕಥೆ ಮಾರ್ಮನ್ನರದು, ನಾಯಕನ ಹೆಸರು ಗ್ರೀಕ್ ದೇವತೆಯದು. ನೀವಿಬ್ಬರೂ ಹೊಸದಾಗಿ ಜಗಳ ಶುರು ಮಾಡಲು ಅವನೊಬ್ಬ ಸಾಕು.